ಅಜ್ಜ ಉಸಿರು ಹೇಗೆ ತೆಗೆದುಕೊಳ್ಳುತ್ತಾನೆ?
ಮಕ್ಕಳಿಗೆ ಸಾವನ್ನು ತಿಳಿಹೇಳುವ, ದುಃಖದಲ್ಲಿ ಅವರ ಕೈ ಹಿಡಿಯುವ ಬಗೆ

ನಮ್ಮ ಮಠದ ಭಕ್ತ ಮನೆತನವೊಂದರಲ್ಲಿ ಹಿರಿಯರೊಬ್ಬರು ಲಿಂಗೈಕ್ಯರಾದರು. ಸಂಪ್ರದಾಯದಂತೆ ದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಶುಭ್ರವಾದ ಧೋತರ ಉಡಿಸಿ, ರುಮಾಲು ಸುತ್ತಿ, ಪಡಸಾಲೆಯ ಗೋಡೆಗೆ ಆನಿಸಿ ಕುಳ್ಳಿರಿಸಿದರು. ರಾತ್ರಿಯಿಡೀ ಭಜನೆ ನಡೆಯಿತು. ಮರುದಿನ ಹೂವಿನಿಂದ ಅಲಂಕರಿಸಿದ ವಿಮಾನದಲ್ಲಿ ಕುಳ್ಳಿರಿಸಿಕೊಂಡು ಹೊಲಕ್ಕೆ ಕರೆದೊಯ್ದು, ಕ್ರಿಯಾಸಮಾಧಿ ನೆರವೇರಿಸಿದರು. ಆರು ವರ್ಷದ ಮೊಮ್ಮಗ ಇದೆಲ್ಲವನ್ನೂ ಕಾಕಾನ ಬೆರಳು ಹಿಡಿದುಕೊಂಡು ನೋಡುತ್ತ ನಿಂತಿದ್ದ. ಮಣ್ಣು ಬೀಳತೊಡಗಿದಾಗ ಅವನು ಕೇಳಿದ: "ಕಾಕಾ, ಅಜ್ಜ ಕುಂತಾನಲ್ಲ, ಮಣ್ಣು ಹಾಕಿದ್ರ ಉಸಿರು ಹ್ಯಾಂಗ ತಗೋತಾನ?" ಸುತ್ತಲಿದ್ದವರಲ್ಲಿ ಒಬ್ಬರು "ಸುಮ್ಮನಿರು, ಹಂಗೆಲ್ಲಾ ಕೇಳಬಾರದು" ಎಂದು ಗದರಿದರು. ಮಗು ಸುಮ್ಮನಾಯಿತು.

ಎರಡು ತಿಂಗಳ ನಂತರ ಆ ಮಗುವಿನ ತಾಯಿ ಅವನನ್ನು ಮಠಕ್ಕೆ ಕರೆತಂದರು. ರಾತ್ರಿ ಹೊದಿಕೆ ಹೊದೆಯಲು ಒಲ್ಲೆನೆನ್ನುತ್ತಾನೆ, ನಡುರಾತ್ರಿ ಎದ್ದು ಉಸಿರು ಕಟ್ಟುತ್ತದೆಂದು ಅಳುತ್ತಾನೆ, ಮಳೆ ಬಂದರೆ ಬಾಗಿಲಲ್ಲಿ ನಿಂತು ಹೊಲದ ಕಡೆಗೆ ನೋಡುತ್ತಾನೆ. ಅಂಜಿಕೊಂಡಿದ್ದಾನೆ, ಅಂತ್ರ ಕಟ್ಟಿಸಬೇಕು ಎಂಬುದು ಮನೆಯವರ ಎಣಿಕೆ. ಆದರೆ ಆ ಮಗುವನ್ನು ಕಾಡುತ್ತಿದ್ದುದು ದೃಷ್ಟಿಯೂ ಅಲ್ಲ, ಗಾಳಿಯೂ ಅಲ್ಲ. ಯಾರೂ ಉತ್ತರಿಸದೆ ಬಿಟ್ಟ ಒಂದು ಪ್ರಶ್ನೆ.

ಇಂತಹ ಪ್ರಶ್ನೆಗಳನ್ನು ಎದುರಿಸುವ ಬಗೆ ಹೇಗೆ ಎಂಬುದನ್ನು ಈ ತಿಂಗಳ ಆರೋಗ್ಯ ವಿಭಾಗದಲ್ಲಿ ವಿಚಾರಿಸೋಣ. ಜ್ವರ, ಕೆಮ್ಮುಗಳಿಗೆ ತೋರುವ ಕಾಳಜಿಯನ್ನು ಮಕ್ಕಳ ದುಃಖಕ್ಕೂ ತೋರಬೇಕಾದುದು ನಮ್ಮೆಲ್ಲರ ಹೊಣೆ.

ಮಗುವಿಗೆ ತಿಳಿದಿರುವುದೆಷ್ಟು?

"ಅದಕ್ಕೇನು ತಿಳಿಯುತ್ತದೆ, ಎಳೆಯ ಕೂಸು" ಎಂಬ ಮಾತು ಸಾವಿನ ಮನೆಯಲ್ಲಿ ಸಾಮಾನ್ಯ. ಅದು ಅರ್ಧ ಮಾತ್ರ ನಿಜ. ಮಗುವಿಗೆ ಸಾವು ಎಂದರೇನೆಂದು ತಿಳಿಯದಿರಬಹುದು. ಆದರೆ ಮನೆಯಲ್ಲಿ ಏನೋ ಆಗಿದೆ, ಅವ್ವ ಅಳುತ್ತಿದ್ದಾಳೆ, ತನ್ನನ್ನು ಎತ್ತಿಕೊಳ್ಳುತ್ತಿದ್ದ ಕೈಗಳಲ್ಲಿ ಒಂದು ಜೋಡಿ ಈಗಿಲ್ಲ ಎಂಬುದು ಹಾಲು ಕುಡಿಯುವ ಕೂಸಿಗೂ ಅರಿವಾಗುತ್ತದೆ.

ಮಕ್ಕಳು ಸಾವನ್ನು ಹೇಗೆ ಗ್ರಹಿಸುತ್ತಾರೆಂಬ ಅಧ್ಯಯನದಲ್ಲಿ ಹಂಗೇರಿ ದೇಶದ ಮನೋವಿಜ್ಞಾನಿ ಮರಿಯಾ ನಾಗಿ ಅವರ ಹೆಸರು ಮೊದಲು ಬರುತ್ತದೆ. ಅವರು ಬುಡಾಪೆಸ್ಟ್ ನಗರದ 3ರಿಂದ 10 ವರ್ಷದೊಳಗಿನ 378 ಮಕ್ಕಳನ್ನು ಮಾತನಾಡಿಸಿ, ಚಿತ್ರ ಬರೆಯಿಸಿ, 1948ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಐದು ವರ್ಷದೊಳಗಿನವರು ಸಾವನ್ನು ಒಂದು ನಿದ್ರೆಯಂತೆ, ಪಯಣದಂತೆ ಕಾಣುತ್ತಾರೆ. ಹೋದವರು ಮರಳಿ ಬರುತ್ತಾರೆಂದು ನಂಬುತ್ತಾರೆ. ನಂತರದ ಮಕ್ಕಳು ಸಾವನ್ನು ಬಂದು ಹಿಡಿದೊಯ್ಯುವ ಒಬ್ಬ ವ್ಯಕ್ತಿಯಂತೆ ಭಾವಿಸುತ್ತಾರೆ. ಒಂಬತ್ತು ವರ್ಷ ದಾಟಿದ ಮೇಲೆ ಅದು ಎಲ್ಲರಿಗೂ ಬರುವಂಥದು, ಮರಳಿ ಬಾರದಂಥದು ಎಂಬ ತಿಳಿವು ನೆಲೆಗೊಳ್ಳುತ್ತದೆ ಎಂಬುದು ಅವರ ನಿರ್ಣಯ. ಮುಂದಿನ ಸಂಶೋಧಕರು ಈ ವಯಸ್ಸಿನ ಗೆರೆಗಳನ್ನು ಸಡಿಲಿಸಿದ್ದಾರೆ. ಐದರಿಂದ ಏಳು ವರ್ಷದೊಳಗೆ ಬಹಳಷ್ಟು ಮಕ್ಕಳು ಮುಖ್ಯಾಂಶಗಳನ್ನು ಗ್ರಹಿಸಬಲ್ಲರು ಎಂದು ಅವರು ಕಂಡುಕೊಂಡರು.

ಆ ಮುಖ್ಯಾಂಶಗಳು ನಾಲ್ಕು. ಸತ್ತವರು ಮತ್ತೆ ಬದುಕುವುದಿಲ್ಲ. ಸತ್ತ ದೇಹ ಉಸಿರಾಡದು, ಉಣ್ಣದು, ನೋಯದು. ಜೀವಿಗಳೆಲ್ಲವೂ ಒಂದು ದಿನ ಸಾಯುತ್ತವೆ. ಸಾವಿಗೆ ಕಾಯಿಲೆ, ಮುಪ್ಪು, ಅಪಘಾತ ಮುಂತಾದ ಕಾರಣವಿರುತ್ತದೆ. ನಮ್ಮ ಕಥೆಯ ಹುಡುಗನಿಗೆ ತಿಳಿಯದೆ ಉಳಿದದ್ದು ಎರಡನೆಯ ಅಂಶ. ದೇಹವನ್ನು ಕುಳ್ಳಿರಿಸಿ ಸಮಾಧಿ ಮಾಡುವ ನಮ್ಮ ಸಂಪ್ರದಾಯದಲ್ಲಿ ಮಗುವಿಗೆ ಈ ಸಂಶಯ ಬರುವುದು ತೀರ ಸಹಜ. ಕುಳಿತವನು ಎಚ್ಚರವಾಗಿರುತ್ತಾನೆಂದೇ ಅದು ಇದುವರೆಗೆ ಕಂಡದ್ದು.

ನುಡಿಯಲ್ಲಿ ಸ್ಪಷ್ಟತೆ ಇರಲಿ

ಸಾವನ್ನು ನಾವು ನೇರ ಹೆಸರಿನಿಂದ ಕರೆಯಲು ಹಿಂಜರಿಯುತ್ತೇವೆ. ದೊಡ್ಡವರ ನಡುವೆ ಅದು ಗೌರವದ ರೀತಿ. ಆದರೆ ಮಗು ಮಾತನ್ನು ಅಕ್ಷರಶಃ ಹಿಡಿಯುತ್ತದೆ. "ಅಜ್ಜಿ ಮಲಗಿದ್ದಾಳೆ" ಎಂದರೆ ತಾನು ಮಲಗಲು ಹೆದರುತ್ತದೆ. "ಅಪ್ಪ ಊರಿಗೆ ಹೋಗಿದ್ದಾನೆ" ಎಂದರೆ ಬಸ್ಸಿನ ಸದ್ದಿಗೆಲ್ಲ ಬಾಗಿಲಿಗೆ ಓಡುತ್ತದೆ. ತನಗೆ ಹೇಳದೆ ಹೋದನಲ್ಲ ಎಂದು ಒಳಗೇ ಕುದಿಯುತ್ತದೆ. ಕೊನೆಗೆ ಓಣಿಯ ಹುಡುಗರ ಬಾಯಿಂದ ನಿಜ ತಿಳಿದಾಗ, ಅಪ್ಪನನ್ನು ಕಳೆದುಕೊಂಡದ್ದರ ಜೊತೆಗೆ ಮನೆಯವರ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ.

"ಶಿವನು ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ" ಎಂಬ ಮಾತಿನಲ್ಲಿಯೂ ಎಚ್ಚರ ಬೇಕು. ಹಾಗಾದರೆ ನಾನು ಒಳ್ಳೆಯವನಾಗಬಾರದು ಎಂದು ಒಂದು ಮಗು ತೀರ್ಮಾನಿಸಿಬಿಡಬಹುದು. ಮತ್ತೊಂದು ಮಗು ನನ್ನ ಅವ್ವನನ್ನು ಕಸಿದುಕೊಂಡ ಶಿವ ನನಗೆ ಬೇಡ ಎಂದು ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳಲೊಲ್ಲದು. ಹಾಗೆ ಮುನಿದ ಮಗುವನ್ನು ಗದರಬೇಡಿ. ಅದು ನಾಸ್ತಿಕತೆಯಲ್ಲ, ನೋವು. ಅದರ ಸಿಟ್ಟನ್ನು ಕೇಳಿಸಿಕೊಂಡರೆ ಭಕ್ತಿ ತಾನಾಗಿ ಮರಳುತ್ತದೆ, ಒತ್ತಾಯಿಸಿದರೆ ದೂರವಾಗುತ್ತದೆ.

ಹಾಗಾದರೆ ಹೇಳುವುದು ಹೇಗೆ? ಮಗುವಿಗೆ ಅತ್ಯಂತ ಹತ್ತಿರದವರು, ಅದನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಮೆಲುದನಿಯಲ್ಲಿ ಹೇಳಬೇಕು: "ಅಜ್ಜ ತೀರಿಕೊಂಡ ಮಗಾ. ತೀರಿಕೊಂಡ ಅಂದರೆ ಸತ್ತುಹೋದ. ಬಹಳ ವಯಸ್ಸಾಗಿತ್ತು, ಅವನ ಹೃದಯ ಕೆಲಸ ನಿಲ್ಲಿಸಿತು. ಇನ್ನು ಅವನಿಗೆ ಉಸಿರಿಲ್ಲ, ಹಸಿವಿಲ್ಲ, ಚಳಿಯಿಲ್ಲ, ನೋವಿಲ್ಲ. ಅವನು ಮತ್ತೆ ಬರುವುದಿಲ್ಲ. ನನಗೂ ಬಹಳ ದುಃಖವಾಗಿದೆ." ಇಷ್ಟು ಸಾಕು. ಮುಂದಿನದನ್ನು ಮಗುವೇ ಕೇಳುತ್ತದೆ. ಕೇಳಿದ್ದನ್ನೇ ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಉತ್ತರವನ್ನು ಅದೇ ತಾಳ್ಮೆಯಿಂದ ಹೇಳಬೇಕು. ನಮಗೇ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ "ನನಗೂ ಗೊತ್ತಿಲ್ಲ ಕಂದಾ" ಎನ್ನುವುದರಲ್ಲಿ ಸಣ್ಣತನವೇನಿಲ್ಲ.

ಲಿಂಗೈಕ್ಯ, ಶಿವೈಕ್ಯ ಎಂಬ ಪದಗಳನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಮೊದಲು ದೇಹದ ಸಂಗತಿ ತಿಳಿಯಲಿ, ಆಮೇಲೆ ನಮ್ಮ ನಂಬಿಕೆಯ ಮಾತು ಬರಲಿ. ಹರಿಯುವ ಹಳ್ಳ ಹೊಳೆಯನ್ನು ಸೇರಿದ ಮೇಲೆ ಹಳ್ಳವೆಂದು ಬೇರೆ ಉಳಿಯದಂತೆ, ಅಜ್ಜನ ಜೀವ ಶಿವನಲ್ಲಿ ಬೆರೆಯಿತೆಂದು ನಾವು ನಂಬುತ್ತೇವೆ ಎಂದು ಹೇಳಬಹುದು. ಮೊದಲಿನದನ್ನು ಬಿಟ್ಟು ಎರಡನೆಯದನ್ನಷ್ಟೇ ಹೇಳಿದರೆ ಮಗು ಆ ಹೊಳೆಗೆ ಹೋಗುವ ದಾರಿ ಯಾವುದೆಂದು ಕೇಳೀತು.

ಸಮಾಧಿಯ ಹೊತ್ತಿನಲ್ಲಿ ಮಗು ಎಲ್ಲಿರಬೇಕು?

ಕೆಲವರು ಮಕ್ಕಳನ್ನು ನೆರೆಮನೆಗೋ ಬೇರೆ ಊರಿಗೋ ಕಳುಹಿಸಿ, ಎಲ್ಲ ಮುಗಿದ ಮೇಲೆ ಕರೆತರುತ್ತಾರೆ. ಇನ್ನು ಕೆಲವರು ಅಳುವ ಮಗುವನ್ನು ಎಳೆದೊಯ್ದು "ಕಾಲು ಮುಟ್ಟಿ ನಮಸ್ಕರಿಸು" ಎಂದು ಒತ್ತಾಯಿಸುತ್ತಾರೆ. ಎರಡೂ ಸರಿಯಲ್ಲ. ಐದಾರು ವರ್ಷ ದಾಟಿದ ಮಗುವಿಗೆ ಅಲ್ಲಿ ಏನೇನು ನಡೆಯುತ್ತದೆಂದು ಮೊದಲೇ ವಿವರಿಸಿ, ಬರುವೆಯಾ ಎಂದು ಕೇಳಿ, ಅದರ ಇಚ್ಛೆಯಂತೆ ನಡೆಯಬೇಕು.

ವಿವರಿಸುವಾಗ ನಮ್ಮ ಸಂಪ್ರದಾಯದ ವಿಶೇಷಗಳನ್ನು ಹೇಳಬೇಕು. ದೇಹವನ್ನು ಏಕೆ ಕುಳ್ಳಿರಿಸಿದ್ದಾರೆ? ಅಜ್ಜ ಜೀವಮಾನವೆಲ್ಲ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುತ್ತಿದ್ದ ರೀತಿಯಲ್ಲಿಯೇ ಅವನನ್ನು ಬೀಳ್ಕೊಡುತ್ತೇವೆ; ಆದರೆ ಅವನು ಎಚ್ಚರವಾಗಿಲ್ಲ. ಕೈಯಲ್ಲಿ ಇಷ್ಟಲಿಂಗವೇಕೆ? ಅದು ಅವನ ಜೀವದ ಸಂಗಾತಿ, ಕೊನೆಯವರೆಗೂ ಅವನೊಂದಿಗಿರುತ್ತದೆ. ವಿಭೂತಿ, ಪತ್ರಿಗಳನ್ನೇಕೆ ಇಡುತ್ತಾರೆ? ಗೌರವಕ್ಕಾಗಿ. ಮಣ್ಣು ಹಾಕಿದರೆ ನೋಯುವುದಿಲ್ಲವೇ? ಇಲ್ಲ, ಉಸಿರು ನಿಂತ ದೇಹಕ್ಕೆ ನೋವೆಂಬುದಿಲ್ಲ. ಮಗುವಿನ ಜೊತೆಗೆ ಒಬ್ಬ ಹಿರಿಯರನ್ನು ಅದಕ್ಕಾಗಿಯೇ ನಿಲ್ಲಿಸಬೇಕು. ಸಾಕೆನಿಸಿದಾಗ ಅದನ್ನು ಮನೆಗೆ ಕರೆತರುವುದಷ್ಟೇ ಅವರ ಕೆಲಸವಾಗಿರಲಿ.

ಶರಣಧರ್ಮ ಪಂಚಸೂತಕಗಳನ್ನು ಒಪ್ಪಲಿಲ್ಲ; ಮರಣಸೂತಕವೂ ಅವುಗಳಲ್ಲೊಂದು. ಆದ್ದರಿಂದ "ಮುಟ್ಟಬೇಡ, ಮೈಲಿಗೆ" ಎಂದು ಮಗುವನ್ನು ದೂರ ತಳ್ಳಲು ನಮ್ಮಲ್ಲಿ ಕಾರಣವೇ ಇಲ್ಲ. ಒಂದು ಹೂವು ಇಡುವುದು, ಒಂದು ಪತ್ರಿ ಏರಿಸುವುದು, ತಾನು ಬರೆದ ಚಿತ್ರವೊಂದನ್ನು ಪಕ್ಕದಲ್ಲಿಡುವುದು: ಇಂತಹ ಸಣ್ಣ ಕೆಲಸವೊಂದು ಮಗುವಿನ ಪಾಲಿಗೆ ಬಂದರೆ ಅದಕ್ಕೆ ವಿದಾಯ ಹೇಳಿದ ಸಮಾಧಾನ ದೊರೆಯುತ್ತದೆ.

"ನನ್ನಿಂದಲೇ ಆಯಿತೇ?"

ಮಗು ಬಾಯಿಬಿಟ್ಟು ಹೇಳದೆ ಒಳಗೇ ಇಟ್ಟುಕೊಳ್ಳುವ ಭಯವೊಂದಿದೆ. ಎಳೆಯ ಮನಸ್ಸಿಗೆ ತಾನು ಅಂದುಕೊಂಡದ್ದೆಲ್ಲ ನಡೆಯುತ್ತದೆಂಬ ನಂಬಿಕೆಯಿರುತ್ತದೆ. ಸಿಟ್ಟಿನಲ್ಲಿ ತಮ್ಮನಿಗೆ "ಸಾಯಿ" ಎಂದಿದ್ದೆ, ಔಷಧ ತಂದುಕೊಡೆಂದಾಗ ಆಟ ಬಿಟ್ಟು ಹೋಗಲಿಲ್ಲ, ಅದಕ್ಕೇ ಹೀಗಾಯಿತು ಎಂದು ತನ್ನನ್ನೇ ಶಪಿಸಿಕೊಳ್ಳುತ್ತದೆ. ಕೇಳಿದರೂ ಕೇಳದಿದ್ದರೂ ಪ್ರತಿ ಮಗುವಿಗೂ ಈ ಮಾತನ್ನು ಹೇಳಲೇಬೇಕು: "ನೀನು ಅಂದದ್ದರಿಂದಾಗಲಿ, ಮಾಡಿದ್ದರಿಂದಾಗಲಿ ಇದು ಆಗಲಿಲ್ಲ. ಇದರಲ್ಲಿ ನಿನ್ನ ತಪ್ಪಿಲ್ಲ."

ಮಗು ತನ್ನನ್ನು ತಾನೇ ದೂರಿಕೊಳ್ಳುವುದು ಒಂದಾದರೆ, ನಾವೇ ಅದರ ಮೇಲೆ ದೂರು ಹೊರಿಸುವುದು ಇನ್ನೂ ಘೋರ. "ಹುಟ್ಟುತ್ತಲೇ ತಂದೆಯನ್ನು ನುಂಗಿಕೊಂಡಿತು", "ಕೆಟ್ಟ ನಕ್ಷತ್ರದ ಕೂಸು" ಎಂಬ ಮಾತುಗಳು ಇಂದಿಗೂ ನಮ್ಮ ಮನೆಗಳಲ್ಲಿ, ನಮ್ಮವರ ಬಾಯಿಂದಲೇ ಕೇಳಿಬರುತ್ತವೆ. ತಿಥಿ, ವಾರ, ನಕ್ಷತ್ರಗಳ ಭಯದಿಂದ ಜನರನ್ನು ಬಿಡಿಸಲು ಹೆಣಗಿದ ಶರಣರ ಪರಂಪರೆಯಲ್ಲಿ ನಿಂತು ಇಂತಹ ಮಾತಾಡುವುದು ಅಪಚಾರ. ತಂದೆಯಿಲ್ಲದ ಮಗುವಿಗೆ ಆ ಮಾತು ಆಯುಷ್ಯವಿಡೀ ಚುಚ್ಚುವ ಮುಳ್ಳು. ಅದೇ ರೀತಿ, ಮಕ್ಕಳ ಕಣ್ಣೆದುರಿಗೆ ತಾಯಿಯ ಬಳೆ ಒಡೆಯುವ, ಕುಂಕುಮ ಅಳಿಸುವ ಕ್ರೂರ ಪದ್ಧತಿಗಳೂ ನಿಲ್ಲಬೇಕು. ಅಪ್ಪನನ್ನು ಕಳೆದುಕೊಂಡ ದಿನವೇ ಅವ್ವನ ಅವಮಾನವನ್ನೂ ಮಗು ನೋಡಬೇಕೇ?

ಹರಿಹರ ಕವಿಯ ಬಸವರಾಜದೇವರ ರಗಳೆಯನ್ನು ಓದಿದವರಿಗೆ ಒಂದು ಸಂಗತಿ ನೆನಪಿರಬಹುದು. ಆ ಕಾವ್ಯದ ಪ್ರಕಾರ ಬಸವಣ್ಣನವರು ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಮುತ್ತವ್ವೆಯ ಆಶ್ರಯದಲ್ಲಿ ಬೆಳೆದವರು. ನಾವು ವಿಶ್ವಗುರುವೆಂದು ಪೂಜಿಸುವವರು ಒಂದು ಕಾಲಕ್ಕೆ ಅನಾಥ ಬಾಲಕರಾಗಿದ್ದರೆಂದು ನೆನೆದರೆ, ತಬ್ಬಲಿ ಮಗುವನ್ನು ಅಪಶಕುನವೆಂದು ಕರೆಯಲು ಯಾರಿಗೆ ತಾನೆ ನಾಲಿಗೆ ಏಳುತ್ತದೆ?

ಮಕ್ಕಳ ದುಃಖದ ರೀತಿ ಬೇರೆ

ಒಂದು ಗಳಿಗೆ ಅತ್ತ ಮಗು ಮರುಗಳಿಗೆ ಗೋಲಿ ಆಡಲು ಓಡುತ್ತದೆ. ಬಂದವರು "ಇದಕ್ಕೆ ದುಃಖವೇ ಇಲ್ಲ" ಎಂದುಕೊಳ್ಳುತ್ತಾರೆ. ದುಃಖವನ್ನು ಒಮ್ಮೆಲೇ ಹೊರುವ ಶಕ್ತಿ ಮಗುವಿಗಿಲ್ಲ. ಆದ್ದರಿಂದ ಅದು ಸ್ವಲ್ಪ ಸ್ವಲ್ಪವಾಗಿ ಹೊರುತ್ತದೆ, ನಡುವೆ ಆಟಕ್ಕಿಳಿದು ದಣಿವಾರಿಸಿಕೊಳ್ಳುತ್ತದೆ. ಆಟದಲ್ಲಿಯೇ ಗೊಂಬೆಯನ್ನು ಹೂಳಿ ಭಜನೆ ಮಾಡಿದರೂ ಅಪಶಕುನವೆಂದು ತಡೆಯಬೇಡಿ. ಕಂಡದ್ದನ್ನು ಅರಗಿಸಿಕೊಳ್ಳುವ ದಾರಿ ಅದು.

ಬಹಳಷ್ಟು ಸಲ ಮಗುವಿನ ದುಃಖ ದೇಹದಲ್ಲಿ ಕಾಣಿಸಿಕೊಳ್ಳುತ್ತದೆ. ಹೊಟ್ಟೆನೋವು, ತಲೆನೋವು, ಊಟ ಸೇರದಿರುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮರಳುವುದು, ತಾಯಿಯ ಸೆರಗು ಬಿಡದಿರುವುದು ಚಿಕ್ಕವರಲ್ಲಿ ಸಾಮಾನ್ಯ. ಶಾಲೆಗೆ ಹೋಗುವವರಲ್ಲಿ ಓದಿನ ಮೇಲೆ ಗಮನ ತಪ್ಪುತ್ತದೆ, ಜಗಳಗಂಟಿತನ ಹೆಚ್ಚುತ್ತದೆ. ಹದಿಹರೆಯದವರು ಮೌನಕ್ಕೆ ಸರಿಯುತ್ತಾರೆ ಅಥವಾ ಮನೆಯಿಂದ ಹೊರಗೇ ಹೆಚ್ಚು ಕಾಲ ಕಳೆಯುತ್ತಾರೆ. ಇವು ಹಟವಲ್ಲ, ಶಿಕ್ಷೆಯಿಂದ ಹೋಗುವಂಥವೂ ಅಲ್ಲ.

ಹಿರಿಯ ಮಗನಿಗೆ "ಇನ್ನು ಮನೆಗೆ ನೀನೇ ಗಂಡಸು, ಅಳಬಾರದು" ಎಂದು, ಹಿರಿಯ ಮಗಳಿಗೆ "ಇನ್ನು ತಮ್ಮಂದಿರಿಗೆ ನೀನೇ ತಾಯಿ" ಎಂದು ಹೇಳುವ ರೂಢಿಯನ್ನು ಬಿಡೋಣ. ಹನ್ನೆರಡು ವರ್ಷದ ಭುಜಕ್ಕೆ ಅದು ಮಿತಿಮೀರಿದ ಭಾರ. ಅಳಲು ಗಂಡು ಮಕ್ಕಳಿಗೂ ಹಕ್ಕಿದೆ. ದೊಡ್ಡವರು ಮಕ್ಕಳೆದುರು ಕಣ್ಣೀರಿಟ್ಟರೆ ತಪ್ಪಿಲ್ಲ; ಅತ್ತು, ಕಣ್ಣೊರೆಸಿಕೊಂಡು, ಮತ್ತೆ ಒಲೆ ಹಚ್ಚುವುದನ್ನು ಕಂಡ ಮಗು ದುಃಖವನ್ನು ದಾಟಬಹುದೆಂದು ಕಲಿಯುತ್ತದೆ.

ಮನೆಯೇ ಮೊದಲ ಮದ್ದು

ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಕುರಿತು ಅಮೆರಿಕದಲ್ಲಿ ವಿಲಿಯಂ ವರ್ಡನ್ ಮತ್ತು ಫಿಲಿಸ್ ಸಿಲ್ವರ್‌ಮನ್ ನಡೆಸಿದ ಅಧ್ಯಯನದಲ್ಲಿ ಒಂದು ಅಂಶ ಎದ್ದು ಕಂಡಿತು. ಮಗು ಹೇಗೆ ಚೇತರಿಸಿಕೊಳ್ಳುತ್ತದೆಂಬುದು ಬಹುಮಟ್ಟಿಗೆ ಉಳಿದ ಪಾಲಕರು ಹೇಗಿದ್ದಾರೆಂಬುದನ್ನು ಅವಲಂಬಿಸಿದೆ. ಆದ್ದರಿಂದ ಬಂಧುಗಳೂ ಓಣಿಯವರೂ ಮಗುವಿಗೆ ನೆರವಾಗುವ ಮೊದಲ ದಾರಿ, ಅದರ ತಾಯಿಗೋ ತಂದೆಗೋ ಆಸರೆಯಾಗುವುದು. ಮೂರನೆಯ ದಿನವೋ ಐದನೆಯ ದಿನವೋ ಬಂದು ಕಣ್ಣೊರೆಸಿ ಹೋದರೆ ಸಾಲದು. ಮೂರನೆಯ ತಿಂಗಳು ಮನೆ ಬರಿದಾಗಿರುತ್ತದೆ. ಆಗ ಒಂದು ಹೊತ್ತು ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ ಕುಳಿತುಬನ್ನಿ.

ಊಟ, ನಿದ್ರೆ, ಶಾಲೆ, ಆಟಗಳು ಎಂದಿನ ಹೊತ್ತಿಗೆ ನಡೆಯಲಿ. ಲೋಕ ಪೂರ್ತಿ ಕುಸಿದಿಲ್ಲವೆಂದು ಮಗುವಿಗೆ ಮನವರಿಕೆಯಾಗುವುದು ಇದರಿಂದಲೇ. "ನೀನೂ ಸಾಯುತ್ತೀಯಾ ಅವ್ವ?" ಎಂಬ ಪ್ರಶ್ನೆ ಬಂದೇ ಬರುತ್ತದೆ. "ಎಂದಿಗೂ ಇಲ್ಲ" ಎನ್ನುವುದು ಸುಳ್ಳು. "ಎಲ್ಲರೂ ಒಂದು ದಿನ ಸಾಯುತ್ತಾರೆ. ಆದರೆ ನಾನು ಆರೋಗ್ಯವಾಗಿದ್ದೇನೆ, ಬಹಳ ಕಾಲ ನಿನ್ನ ಜೊತೆಗಿರುತ್ತೇನೆಂಬ ಭರವಸೆ ನನಗಿದೆ. ಏನೇ ಆದರೂ ನಿನ್ನನ್ನು ನೋಡಿಕೊಳ್ಳಲು ಅತ್ತೆ ಇದ್ದಾರೆ, ಮಾಮಾ ಇದ್ದಾರೆ" ಎಂದು ಹೆಸರು ಹಿಡಿದು ಹೇಳಿ. ಮಗು ಕೇಳುತ್ತಿರುವುದು ನನ್ನ ಗತಿಯೇನು ಎಂದು. ಶಾಲೆಯ ಗುರುಗಳಿಗೂ ವಿಷಯ ತಿಳಿಸಿ; ತರಗತಿಯಲ್ಲಿ "ಅಪ್ಪನನ್ನು ಕರೆದುಕೊಂಡು ಬಾ" ಎಂಬ ಒಂದು ಮಾತು ಮಗುವನ್ನು ಕುಗ್ಗಿಸಬಲ್ಲದು.

2019ರ ಜನವರಿ 21ರಂದು ತುಮಕೂರಿನ ಸಿದ್ಧಗಂಗಾ ಮಠದ ಪರಮಪೂಜ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮಠದಲ್ಲಿ ಆಶ್ರಯ ಪಡೆದಿದ್ದ ಸಾವಿರಾರು ಮಕ್ಕಳ ಪಾಲಿಗೆ ಅವರು ತಂದೆಯೂ ಅಜ್ಜನೂ ಆಗಿದ್ದರು. ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಸುದ್ದಿಯನ್ನು ಪ್ರಕಟಿಸಲಾಯಿತೆಂದು ಆಗ ಪತ್ರಿಕೆಗಳು ವರದಿ ಮಾಡಿದವು. ಇದರಲ್ಲಿ ನಮಗೆಲ್ಲ ಪಾಠವಿದೆ. ನಿಜವನ್ನು ಮಕ್ಕಳಿಂದ ಮುಚ್ಚಿಡಲಿಲ್ಲ. ಆದರೆ ಹಸಿದ ಹೊಟ್ಟೆಗೆ ಅದನ್ನು ಹೇಳಲೂ ಇಲ್ಲ.

ಹೇಳಲು ಕಷ್ಟವಾದ ಸಾವು

ಸಾಲದ ಹೊರೆಯಿಂದಲೋ ಮನಸ್ಸಿನ ಬೇನೆಯಿಂದಲೋ ತಂದೆ ಪ್ರಾಣ ಬಿಟ್ಟ ಮನೆಗಳು ನಮ್ಮ ಭಾಗದಲ್ಲಿ ಕಡಿಮೆಯಿಲ್ಲ. ಮಕ್ಕಳಿಗೆ ಏನು ಹೇಳಬೇಕೆಂದು ತಿಳಿಯದೆ ಹಿರಿಯರು ಬೇರೆ ಕಾರಣ ಹೇಳುತ್ತಾರೆ. ಆದರೆ ಊರಿಗೆಲ್ಲ ಗೊತ್ತಿರುವ ಸಂಗತಿ ಮಗುವಿಗೂ ತಲುಪುತ್ತದೆ. ವಿವರಗಳನ್ನು ಹೇಳಬೇಕಿಲ್ಲ. "ಅಪ್ಪನ ಮನಸ್ಸಿಗೆ ಬಹಳ ಬೇನೆಯಾಗಿತ್ತು. ಆ ಬೇನೆಯಲ್ಲಿ ಬೇರೆ ದಾರಿ ಅವನಿಗೆ ಕಾಣಲಿಲ್ಲ, ತನ್ನ ಜೀವವನ್ನು ತಾನೇ ಕಳೆದುಕೊಂಡ. ನಿನ್ನ ಮೇಲಿನ ಪ್ರೀತಿ ಕಡಿಮೆಯಾಗಿ ಅಲ್ಲ. ಅಂತಹ ಬೇನೆಗೆ ಔಷಧ ಇದೆ, ನಿನಗೆಂದಾದರೂ ಬೇನೆಯಾದರೆ ನನಗೆ ಹೇಳು, ನಾವು ದಾರಿ ಹುಡುಕೋಣ" ಎಂದು ತಿಳಿಹೇಳಬೇಕು. ತೀರಿಕೊಂಡವರನ್ನು ಪಾಪಿಯೆಂದು ಮಗುವಿನೆದುರು ಹಳಿಯಕೂಡದು.

ವೈದ್ಯರ ನೆರವು ಯಾವಾಗ?

ದುಃಖ ಕಾಯಿಲೆಯಲ್ಲ, ಹೆಚ್ಚಿನ ಮಕ್ಕಳು ಪ್ರೀತಿಯ ಆರೈಕೆಯಲ್ಲಿಯೇ ಚೇತರಿಸಿಕೊಳ್ಳುತ್ತಾರೆ. ಆದರೆ ಆರು ತಿಂಗಳು ಕಳೆದರೂ ದಿನನಿತ್ಯ ಅದೇ ತೀವ್ರತೆಯ ಹಂಬಲ ಮುಂದುವರಿದು, ಊಟ, ನಿದ್ರೆ, ಓದು, ಗೆಳೆತನಗಳು ಕೆಟ್ಟಿದ್ದರೆ ತಜ್ಞರನ್ನು ಕಾಣಬೇಕು. ಮಗು ತೂಕ ಕಳೆದುಕೊಳ್ಳುತ್ತಿದ್ದರೆ, ಶಾಲೆಗೆ ಹೋಗಲು ಸಂಪೂರ್ಣ ನಿರಾಕರಿಸಿದರೆ, ಹದಿಹರೆಯದವರು ದುಶ್ಚಟಗಳತ್ತ ವಾಲಿದರೆ ಕಾಯುತ್ತ ಕೂರಬಾರದು. "ನಾನೂ ಅಪ್ಪನ ಹತ್ತಿರ ಹೋಗುತ್ತೇನೆ" ಎಂಬ ಮಾತನ್ನು ಹುಡುಗಾಟವೆಂದು ತಳ್ಳಿಹಾಕದೆ, ಶಾಂತವಾಗಿ ವಿಚಾರಿಸಿ, ಮಗುವನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರಿಗೆ ತೋರಿಸಬೇಕು.

ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ತಜ್ಞರ ಸೇವೆ ದೊರೆಯುತ್ತದೆ. 2022ರಲ್ಲಿ ಆರಂಭವಾದ ಟೆಲಿ-ಮನಸ್ ಸಹಾಯವಾಣಿಗೆ 14416 ಸಂಖ್ಯೆಯ ಮೂಲಕ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆಸರೆ ತಪ್ಪಿದ ಮಕ್ಕಳ ನೆರವಿಗೆ 1098 ಮಕ್ಕಳ ಸಹಾಯವಾಣಿ ಇದೆ.

ನೆನಪಿಗೆ ಬಾಗಿಲು ತೆರೆದಿರಲಿ

ತೀರಿಕೊಂಡವರ ಹೆಸರೆತ್ತಿದರೆ ಮಗು ಅತ್ತೀತೆಂದು ಭಾವಚಿತ್ರವನ್ನೇ ತೆಗೆದಿಡುವವರಿದ್ದಾರೆ. ಮರೆಯುವುದು ಮದ್ದಲ್ಲ. ಅಜ್ಜಿ ಮಾಡುತ್ತಿದ್ದ ಹೋಳಿಗೆಯನ್ನು ಅವಳ ರೀತಿಯಲ್ಲಿಯೇ ಮಾಡಿ, ಅಪ್ಪನ ಹಳೆಯ ಅಂಗಿಯೊಂದನ್ನು ಮಗುವಿಗೆ ಇಟ್ಟುಕೊಳ್ಳಲು ಕೊಡಿ, ಹಬ್ಬದ ದಿನ ಅವರ ಕಥೆ ಹೇಳಿ. ವರ್ಷದ ಪುಣ್ಯಸ್ಮರಣೆಯಲ್ಲಿ ಮಗುವಿಗೂ ಒಂದು ಪಾಲು ಕೊಡಿ: ದಾಸೋಹದಲ್ಲಿ ನೀರು ಬಡಿಸಲಿ, ಗದ್ದುಗೆಯ ಬಳಿ ಒಂದು ಬಿಲ್ವದ ಸಸಿ ನೆಡಲಿ.

ಆ ಆರು ವರ್ಷದ ಹುಡುಗನ ತಾಯಿಗೆ ನಾವು ಹೇಳಿದ್ದು ಇಷ್ಟೇ: ಅವನ ಪ್ರಶ್ನೆಗೆ ಉತ್ತರ ನಮ್ಮಿಂದ ಬೇಡ, ನಿಮ್ಮಿಂದ ಬರಲಿ. ಅವರು ಮಗನನ್ನು ಹೊಲಕ್ಕೆ ಕರೆದೊಯ್ದು, ಸಮಾಧಿಯ ಪಕ್ಕದಲ್ಲಿ ಕುಳಿತು, ಅವನ ಕೈಯನ್ನು ಅವನ ಎದೆಯ ಮೇಲಿಟ್ಟು ತೋರಿಸಿದರು. ಇಲ್ಲಿ ಬಡಿಯುತ್ತಿದೆಯಲ್ಲ, ಅಜ್ಜನಿಗೆ ಇದು ನಿಂತುಹೋಗಿತ್ತು, ಮಣ್ಣು ಹಾಕುವ ಮೊದಲೇ ನಿಂತಿತ್ತು ಎಂದರು. "ಹಂಗಾದ್ರ ಅಜ್ಜಗ ಉಸಿರು ಬ್ಯಾಡೇನು?" "ಬ್ಯಾಡಪ್ಪಾ." "ಮಳೀ ಬಂದ್ರ ಥಂಡಿ ಆಗೂದಿಲ್ಲೇನು?" "ಇಲ್ಲ." ಅದೇ ಪ್ರಶ್ನೆಗಳನ್ನು ಅವನು ಮುಂದೆ ಹಲವು ದಿನ ಕೇಳಿದನಂತೆ, ತಾಯಿಯೂ ಬೇಸರಿಸದೆ ಉತ್ತರಿಸಿದರಂತೆ. ಈಗ ಅವನು ಹೊದ್ದುಕೊಂಡು ಮಲಗುತ್ತಾನೆ. ಸೋಮವಾರ ಅವ್ವನ ಜೊತೆಗೆ ಹೋಗಿ ಅಜ್ಜನ ಗದ್ದುಗೆಗೆ ಪತ್ರಿ ಏರಿಸಿ ಬರುತ್ತಾನೆ.

ಸಾವಿನ ಮನೆಯಲ್ಲಿ ನಾವು ಬಂದವರಿಗೆಲ್ಲ ಚಹಾ ಕೊಟ್ಟೆವೇ ಎಂದು ವಿಚಾರಿಸುತ್ತೇವೆ. ಇನ್ನು ಮುಂದೆ ಅದರ ಜೊತೆಗೆ, ಮೂಲೆಯಲ್ಲಿ ನಿಂತ ಮಗುವಿನ ಜೊತೆಗೆ ಯಾರಾದರೂ ಮಾತನಾಡಿದರೇ ಎಂದೂ ವಿಚಾರಿಸೋಣ.